ಹನ್ನೊಂದು ಹೆಡರ್, ಹದಿನಾಲ್ಕು ಜೊತೆ ಬುಶ್: ಕೆಲಸ ಬಿಡಲೇ?

ಹಳೇ_ಎಸ್ಟೀಮ್, ಮೈಸೂರು

ಎಲ್ಲರಿಗೂ ನಮಸ್ಕಾರ. ಉದ್ದವಾಗಿ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ನನಗೆ 29 ವರ್ಷ. ಹೂಟಗಳ್ಳಿಯ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಏಳು ವರ್ಷದಿಂದ ಇದ್ದೇನೆ. ಮನೆಯಲ್ಲಿ ಅಪ್ಪ ಕೊಂಡಿದ್ದ ಮಾರುತಿ ಎಸ್ಟೀಮ್ ಕಾರು ಇದೆ. ಮೊದಲು ಅದರ ಸಸ್ಪೆನ್ಷನ್ ಬಿಚ್ಚಿದೆ, ಆಮೇಲೆ ಇಂಜಿನ್ ಇಳಿಸಿದೆ, ಆಮೇಲೆ ಮನೆಯವರು ಕಾರಿನ ಶೆಡ್ಡಿಗೆ ಕಾಲಿಡುವುದನ್ನೇ ಬಿಟ್ಟರು.

ಮೂರು ವರ್ಷದಿಂದ ಸಂಜೆ ಮತ್ತು ಭಾನುವಾರಗಳಲ್ಲಿ ಬೇರೆಯವರ ಕಾರುಗಳಿಗೂ ಭಾಗಗಳನ್ನು ಮಾಡಿಕೊಡುತ್ತಿದ್ದೇನೆ. ಮುಖ್ಯವಾಗಿ ಹೆಡರ್. ಅಂದರೆ, ಇಂಜಿನ್ನಿನ ನಾಲ್ಕು ಸಿಲಿಂಡರುಗಳಿಂದ ಹೊಗೆ ಹೊರಡುವ ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ತೆಗೆದು, ಆ ಜಾಗಕ್ಕೆ 304 ದರ್ಜೆಯ ಸ್ಟೇನ್‌ಲೆಸ್ ಕೊಳವೆಗಳನ್ನು ಜೋಡಿಸಿ, ಟಿಗ್ ವೆಲ್ಡಿಂಗ್ ಮಾಡಿ ಕೂರಿಸುವುದು. ಇದುವರೆಗೆ 11 ಮಾಡಿದ್ದೇನೆ, ಒಂದಕ್ಕೆ 14,000 ರೂಪಾಯಿ. ಚಿತ್ರ ನೋಡಿದವರು ಹಾಸನ, ಬೆಂಗಳೂರು, ಕೊಯಮತ್ತೂರಿನಿಂದಲೂ ಕರೆ ಮಾಡುತ್ತಾರೆ. ಬೆಸುಗೆಯ ಮೇಲೆ ಮೂಡುವ ನೀಲಿ, ಬಂಗಾರದ ಬಣ್ಣ ನೋಡಿದರೆ ನನಗೇ ಗರ್ವ ಬರುತ್ತದೆ, ಸುಳ್ಳೇಕೆ ಹೇಳಲಿ. ಇದರ ಜೊತೆಗೆ ಎಸ್ಟೀಮಿನ ಗೇರ್ ಲಿಂಕೇಜ್ ರಾಡಿನ ಬುಶ್, ಅಂದರೆ ಗೇರ್ ಲಿವರಿನ ಚಲನೆಯನ್ನು ಒಯ್ಯುವ ರಾಡಿನ ಸುತ್ತ ಕೂರುವ ಪ್ಲಾಸ್ಟಿಕ್ ಬಳೆ, ಹದಿನಾಲ್ಕು ಜೊತೆ ಮಾಡಿಕೊಟ್ಟಿದ್ದೇನೆ. ಅದು ದೊಡ್ಡ ಕೆಲಸವೇನಲ್ಲ.

ಈಗಿನ ಯೋಚನೆ ಇದು: ಕೆಲಸಕ್ಕೆ ರಾಜೀನಾಮೆ, ಹೆಬ್ಬಾಳದಲ್ಲಿ ಬಾಡಿಗೆಗೆ ಒಂದು ಶೆಡ್, ಲೋಹ ಕೊರೆಯುವ ಒಂದು ಹಳೆಯ ಕಂಪ್ಯೂಟರ್ ಚಾಲಿತ (ವಿಎಂಸಿ) ಯಂತ್ರ. 18 ಲಕ್ಷ ಸಾಲ ಬೇಕಾಗಬಹುದು. ಅಮ್ಮ ಮಾತ್ರ, ‘ಸಂಬಳದ ಕೆಲಸ ಬಿಟ್ಟು ಊದುಗೊಳವೆ ಮಾರಲು ಹೋಗುತ್ತೀಯಾ?’ ಎಂದು ಕೇಳುತ್ತಾರೆ. ಅನುಭವಸ್ಥರು ಹೇಳಿ.

ರಾತ್ರಿ_ಸವಾರ, ಮೈಸೂರು

ಅಣ್ಣಾ, ಯೋಚನೆಯೇ ಬೇಡ, ಶುರು ಮಾಡಿ. ನನ್ನ ಸ್ವಿಫ್ಟ್‌ಗೆ ಒಂದು ಹೆಡರ್ ಬೇಕು, ಜೊತೆಗೆ ಚಾಮುಂಡಿ ಬೆಟ್ಟ ಹತ್ತುವಾಗ ಕೆಳಗಿನ ಊರಿಗೆಲ್ಲ ಕೇಳಿಸುವಂಥ ಸೈಲೆನ್ಸರ್ ಇದ್ದರೆ ಇನ್ನೂ ಒಳ್ಳೆಯದು. ಹಣ ಮುಂದಿನ ತಿಂಗಳು ಕೊಡುತ್ತೇನೆ.

ಹೆಬ್ಬಾಳ_ಟರ್ನರ್, ಮೈಸೂರು

ತಮ್ಮಾ, ಎರಡೇ ಪ್ರಶ್ನೆ. ಹನ್ನೊಂದು ಹೆಡರಿನಲ್ಲಿ ಎಷ್ಟು ವಾಪಸ್ ಬಂದವು? ಹದಿನಾಲ್ಕು ಜೊತೆ ಬುಶ್‌ನಲ್ಲಿ ಎಷ್ಟು?

(ಮೇಲಿನ ಹುಡುಗನ ಆರ್ಡರ್ ತೆಗೆದುಕೊಳ್ಳಬೇಡ.)

ಹಳೇ_ಎಸ್ಟೀಮ್, ಮೈಸೂರು

ಹೆಡರ್ ಮೂರು ಬಂದವು ಸರ್. ಎರಡರಲ್ಲಿ ಫ್ಲೇಂಜ್ (ಇಂಜಿನ್ನಿಗೆ ಬೋಲ್ಟ್ ಮಾಡುವ ಚಪ್ಪಟೆ ತಟ್ಟೆ) ಪಕ್ಕದ ಬೆಸುಗೆ ಬಿರುಕು ಬಿಟ್ಟಿತ್ತು, ಒಂದರಲ್ಲಿ ಹೊಗೆ ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ನಿಲ್ಲುತ್ತಿರಲಿಲ್ಲ. ಮೂರನ್ನೂ ಬಿಟ್ಟಿಯಾಗಿ ಸರಿ ಮಾಡಿಕೊಟ್ಟೆ. ಬುಶ್ ಒಂದೂ ಬಂದಿಲ್ಲ.

ಕಬ್ಬಿನ_ಗಾಣ, ಮಂಡ್ಯ

ನಾನು ಮಂಡ್ಯದಲ್ಲಿ ಫ್ಯಾಬ್ರಿಕೇಷನ್ ಶೆಡ್ ಇಟ್ಟುಕೊಂಡು ಹದಿನೆಂಟು ವರ್ಷವಾಯಿತು. ಬಿರುಕಿನ ವಿಷಯಕ್ಕೆ ಮೊದಲು ಬರುತ್ತೇನೆ, ಏಕೆಂದರೆ ನಾನೂ ಅಲ್ಲೇ ಬಿದ್ದು ಎದ್ದವನು.

304 ಸ್ಟೇನ್‌ಲೆಸ್ ನೋಡಲು ಚೆಂದ, ಬಿಸಿಗೆ ಮಾತ್ರ ಬಹಳ ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಕೊಳವೆ 600 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. ಅದೇ ಜಾಗದಲ್ಲಿ ಸಾಧಾರಣ ಉಕ್ಕಿನ ಕೊಳವೆ ಮೂರೂವರೆ ಮಿಲಿಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತದೆ. ನಾಲ್ಕು ಕೊಳವೆಗಳ ಉದ್ದ ಬೇರೆ ಬೇರೆ, ಒಂದು ತುದಿ ಇಂಜಿನ್ನಿಗೆ ಬೋಲ್ಟ್ ಆಗಿದೆ, ಇನ್ನೊಂದು ತುದಿಯಲ್ಲಿ ನಾಲ್ಕೂ ಸೇರಿ ಬೆಸೆದುಕೊಂಡಿವೆ. ಹಿಗ್ಗಿದ್ದು ಎಲ್ಲಿಗೆ ಹೋಗಬೇಕು? ಬೆಸುಗೆಯ ಅಂಚಿಗೇ ಹೋಗುತ್ತದೆ. ಅದಕ್ಕೇ ಬಲ್ಲವರು ನಾಲ್ಕೂ ಕೊಳವೆ ಕೂಡುವ ಜಾಗದ (ಕಲೆಕ್ಟರ್) ಬಳಿ ಬೆಸೆಯದೆ, ಒಂದರೊಳಗೊಂದು ಜಾರುವ ಕೀಲು ಬಿಟ್ಟು ಸ್ಪ್ರಿಂಗ್ ಹಾಕುತ್ತಾರೆ.

ಎರಡನೆಯದು, ಕೊಳವೆಯ ಒಳಗಡೆ ಆರ್ಗಾನ್ ಅನಿಲ ತುಂಬಿಸಿ ಬೆಸೆಯುತ್ತೀರಾ, ಹೊರಗಷ್ಟೇನಾ? ಒಳಗೆ ಗಾಳಿ ಇದ್ದರೆ ಬೆಸುಗೆಯ ಬೆನ್ನು ಸುಟ್ಟು ಹರಳುಹರಳಾಗುತ್ತದೆ. ಇದಕ್ಕೆ ವೆಲ್ಡರುಗಳ ಭಾಷೆಯಲ್ಲಿ ‘ಸಕ್ಕರೆ ಕಟ್ಟುವುದು’ ಎಂದೇ ಹೆಸರು. ಮಂಡ್ಯದವನಾಗಿ ಹೇಳುತ್ತೇನೆ, ಸಕ್ಕರೆ ಕಾರ್ಖಾನೆಯಲ್ಲಿ ಇರಲಿ, ಕೊಳವೆಯೊಳಗೆ ಬೇಡ. ಹೊರಗಿನ ನೀಲಿ ಬಣ್ಣಕ್ಕೆ ಮರುಳಾಗಬೇಡಿ. ಒಂದು ಹೆಡರನ್ನು ಗರಗಸದಲ್ಲಿ ಸೀಳಿ ಒಳಗೆ ನೋಡಿ.

ಗ್ಯಾಸ್ಕೆಟ್ ನಿಲ್ಲದ್ದು ಫ್ಲೇಂಜ್ ಸೊಟ್ಟಗಾಗಿರುವುದರಿಂದ. ದಪ್ಪ ಫ್ಲೇಂಜ್ ತೆಗೆದುಕೊಂಡು, ಗಟ್ಟಿಯಾದ ಜಿಗ್ಗಿಗೆ (ಭಾಗಗಳನ್ನು ಅಲುಗದಂತೆ ಹಿಡಿಯುವ ಚೌಕಟ್ಟು) ಬಿಗಿದು ಬೆಸೆದು, ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ, ಮುಖವನ್ನು ಮತ್ತೊಮ್ಮೆ ಮಿಲ್ಲಿಂಗ್ ಮಾಡಿಸಬೇಕು. ನಿಮ್ಮ ಬಳಿ ಜಿಗ್ ಇದೆಯೇ?

ಇನ್ನು ಶೆಡ್ಡಿನ ಮಾತು. ನಾನೂ ಜೀಪುಗಳಿಗೆ ಬಂಪರ್, ಇಂಜಿನ್ ಕೆಳಗಿನ ಗಾರ್ಡ್ ಮಾಡುವ ಹುಚ್ಚಿನಿಂದಲೇ ಶುರು ಮಾಡಿದ್ದು. ಇವತ್ತು ನನ್ನ ಬಾಡಿಗೆ, ಕರೆಂಟ್ ಬಿಲ್, ಇಬ್ಬರು ಹುಡುಗರ ಸಂಬಳ ಬರುವುದು ಆಲೆಮನೆಯ ಗಾಣದ ರೋಲರ್ ರಿಪೇರಿಯಿಂದ, ಟ್ರ್ಯಾಕ್ಟರ್ ಟ್ರೇಲರಿನ ಕೊಂಡಿಯಿಂದ. ಕಬ್ಬು ಅರೆಯುವ ಹಂಗಾಮಿನಲ್ಲಿ ಗಾಣ ನಿಂತರೆ ರೈತ ರಾತ್ರಿ ಹನ್ನೆರಡಕ್ಕೂ ಬಂದು ಬಾಗಿಲು ಬಡಿಯುತ್ತಾನೆ, ಹೇಳಿದ ಹಣ ಎಣಿಸುತ್ತಾನೆ. ಜೀಪಿನವರು ಮೂರು ಸಲ ಚಿತ್ರ ಕೇಳಿ, ನಾಲ್ಕನೆಯ ಸಲ ಚೌಕಾಸಿ ಮಾಡುತ್ತಾರೆ.

ಹಳೇ_ಎಸ್ಟೀಮ್, ಮೈಸೂರು

ಜಿಗ್ ಇಲ್ಲ ಸರ್. ಪ್ರತಿ ಸಲ ಕಾರಿನ ಮೇಲೆಯೇ ಅಳತೆ ನೋಡಿ ಟ್ಯಾಕ್ (ಚುಕ್ಕೆ ಬೆಸುಗೆ) ಮಾಡುತ್ತೇನೆ. ಒಳಗೆ ಆರ್ಗಾನ್ ಬಿಡುವುದಿಲ್ಲ. ಕೇಳಿದ ಮೇಲೆ ಹೊಟ್ಟೆಯಲ್ಲಿ ಸ್ವಲ್ಪ ತಳಮಳವಾಗುತ್ತಿದೆ.

ಹೆಬ್ಬಾಳ_ಟರ್ನರ್, ಮೈಸೂರು

ಹಗಲು ಗೇಜ್ ಹಿಡಿಯುವವನು ರಾತ್ರಿ ಕಣ್ಣಳತೆಯಲ್ಲಿ ಬೆಸುಗೆ ಹಾಕುತ್ತೀಯಾ?

ಬೈಯುತ್ತಿಲ್ಲ. ನಾನು 1984ರಲ್ಲಿ ಯಾದವಗಿರಿಯ ಜಾವಾ ಬೈಕ್ ಕಾರ್ಖಾನೆಗೆ ಸೇರಿದವನು. 1996ರಲ್ಲಿ ಬಾಗಿಲು ಮುಚ್ಚಿತು. ನಮಗೆ ಕೆಲಸ ಹೋಯಿತು, ಆದರೆ ಬೈಕುಗಳು ಎಲ್ಲಿಗೂ ಹೋಗಲಿಲ್ಲ. ನಮ್ಮಲ್ಲಿ ತಯಾರಾದ ಯೆಜ್ಡಿ ಇಟ್ಟುಕೊಂಡವರು ಅದನ್ನು ಮಾರಲೂ ಇಲ್ಲ, ಬಿಡಲೂ ಇಲ್ಲ. ಬುಶ್, ಪಿನ್, ಸ್ಪಿಂಡಲ್ ಎಂದು ಹುಡುಕಿಕೊಂಡು ಬಂದರು. ಲೇತ್ ಒಂದನ್ನು ಕಂತಿನಲ್ಲಿ ತಂದು, ಹಾಗೆ ಬಂದವರಿಂದಲೇ ಮನೆ ನಡೆಸಿ ಮಗಳ ಮದುವೆ ಮಾಡಿದೆ. ವೇಗ ಹೆಚ್ಚಿಸಿಕೊಡು ಎಂದು ಬಂದವರು ಬೆರಳೆಣಿಕೆ. ‘ಮೊದಲು ಹೇಗಿತ್ತೋ ಹಾಗೆ ಮಾಡಿಕೊಡಿ’ ಎಂದು ಬಂದವರಿಗೆ ಲೆಕ್ಕವಿಲ್ಲ.

ಎಸ್ಟೀಮ್ ತಯಾರಿಕೆ ನಿಂತು ಹದಿನೈದು ವರ್ಷದ ಮೇಲಾಯಿತು. ನೀನು ‘ದೊಡ್ಡ ಕೆಲಸವೇನಲ್ಲ’ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದ ಬುಶ್ ಬಗ್ಗೆ ಹೇಳು. ಯಾವ ಮಾಲು? ಯಾರ ಲೇತಿನಲ್ಲಿ? ಕ್ಲಿಯರೆನ್ಸ್ ಎಷ್ಟು?

ಹಳೇ_ಎಸ್ಟೀಮ್, ಮೈಸೂರು

ಮೊದಲ ಎರಡು ಜೊತೆ ನೈಲಾನ್‌ನಲ್ಲಿ ಮಾಡಿ ನನ್ನ ಕಾರಿಗೇ ಹಾಕಿ ನೋಡಿದೆ, ಮಳೆಗಾಲದಲ್ಲಿ ಗೇರ್ ಬಿಗಿಯಾಯಿತು. ಆಮೇಲೆ ಎಲ್ಲ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್. ಮೇಟಗಳ್ಳಿಯಲ್ಲಿ ಗೊತ್ತಿರುವವರ ಲೇತಿನಲ್ಲಿ ಮಾಡಿಸುತ್ತೇನೆ. ರಾಡಿಗೂ ಬುಶ್‌ಗೂ ನಡುವೆ 0.05 ಮಿ.ಮೀ. ಬಿಡಿಸುತ್ತೇನೆ. ಹಾಕಿದ ಮೇಲೆ ಗೇರ್ ಲಿವರ್ ಹೊಸ ಕಾರಿನಂತೆ ‘ಟಕ್’ ಎಂದು ಬೀಳುತ್ತದೆ. ಒಂದು ಜೊತೆಗೆ 900 ರೂಪಾಯಿ.

ಮೇಷ್ಟ್ರು_ಮೆಕ್ಯಾನಿಕಲ್, ಮೈಸೂರು

ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಹುಡುಗರ ಬಾಹಾ ಸ್ಪರ್ಧೆಯ ಕಾರಿಗೂ ಹೊಣೆಗಾರ. ನೈಲಾನ್ ನೀರು ಹೀರಿ ಉಬ್ಬುತ್ತದೆ, ಡೆಲ್ರಿನ್ ಬಹಳ ಕಡಿಮೆ ಹೀರುತ್ತದೆ, ಆಯ್ಕೆ ಸರಿಯಾಗಿದೆ. ಆದರೆ ಬಿಸಿಯ ಲೆಕ್ಕ ಮಾಡಿದ್ದೀರಾ? 20 ಮಿ.ಮೀ. ವ್ಯಾಸದ ಡೆಲ್ರಿನ್ 60 ಡಿಗ್ರಿ ಬಿಸಿ ಏರಿದರೆ ಸುಮಾರು 0.13 ಮಿ.ಮೀ. ಹಿಗ್ಗುತ್ತದೆ. ಉಕ್ಕು ಅದರ ಹತ್ತನೆಯ ಒಂದು ಭಾಗ ಮಾತ್ರ. ಬುಶ್ಶಿನ ಹೊರಮೈಯನ್ನು ಉಕ್ಕು ಹಿಡಿದುಕೊಂಡಿದ್ದರೆ ಹಿಗ್ಗಿದ್ದು ಒಳರಂಧ್ರವನ್ನು ಕಿರಿದು ಮಾಡುತ್ತದೆ. 0.05 ಸಾಲುವುದಿಲ್ಲ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿಯೇ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ಸಂಸ್ಥೆ ಸಿಪೆಟ್ ಇದೆ, ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ಮಾರುಕಟ್ಟೆಯಲ್ಲಿ ಬಿಳಿಯ ರಾಡೆಲ್ಲ ಡೆಲ್ರಿನ್ ಎಂದೇ ಮಾರಾಟವಾಗುತ್ತದೆ, ನಂಬಬೇಡಿ.

ಹೆಡರಿನ ಬಗ್ಗೆ ಒಂದೇ ಮಾತು: ಎಷ್ಟು ಶಕ್ತಿ ಹೆಚ್ಚಿತು ಎಂದು ಯಾರಿಗೂ ಹೇಳಬೇಡಿ, ಡೈನೋ (ಶಕ್ತಿ ಅಳೆಯುವ ಯಂತ್ರ) ಮೇಲೆ ಅಳೆಯುವವರೆಗೆ. ಅಳೆದರೂ ಒಂದೇ ದಿನ, ಒಂದೇ ಡೈನೋ, ಮೊದಲು ಹಳೆಯ ಮ್ಯಾನಿಫೋಲ್ಡ್, ಆಮೇಲೆ ನಿಮ್ಮದು, ತಲಾ ಮೂರು ಓಟ. ಸದ್ದು ಜೋರಾದಾಗ ಕಾರು ಜೋರಾಗಿ ಓಡಿದಂತೆ ಕಿವಿಗೆ ಅನ್ನಿಸುತ್ತದೆ, ಅಷ್ಟೇ.

ಜಮಾ_ಖರ್ಚು, ಮೈಸೂರು

ನಾನು ಲೆಕ್ಕಪತ್ರದವಳು, ಕಾರಿನ ಒಳಗೇನಿದೆ ಎಂದು ಗೊತ್ತಿಲ್ಲ. ಖಾಸಗಿಯಾಗಿ ಇವರಿಂದ ಅಂಕಿಗಳನ್ನು ಕೇಳಿ ತೆಗೆದುಕೊಂಡೆ, ಅವರ ಒಪ್ಪಿಗೆಯಿಂದ ಇಲ್ಲಿ ಹಾಕುತ್ತಿದ್ದೇನೆ.

ಹೆಡರ್: ಸಾಮಾನು, ಗ್ಯಾಸ್, ಲೇಸರ್ ಕಟಿಂಗ್ ಸೇರಿ 9,000. ಉಳಿಯುವುದು 5,000. ಹನ್ನೊಂದಕ್ಕೆ 55,000. ವಾಪಸ್ ಬಂದ ಮೂರಕ್ಕೆ ಮತ್ತೆ ಹಾಕಿದ ಸಾಮಾನು 9,000. ನಿವ್ವಳ 46,000. ಗಂಟೆಗಳು: ಒಂದಕ್ಕೆ 22, ಹನ್ನೊಂದಕ್ಕೆ 242, ರಿಪೇರಿಗೆ 48, ಒಟ್ಟು 290. ಅಂದರೆ ಗಂಟೆಗೆ 158 ರೂಪಾಯಿ ಚಿಲ್ಲರೆ. ಬಾಡಿಗೆ ಇಲ್ಲ, ಮನೆಯ ಕರೆಂಟು, ಯಂತ್ರದ ಸವಕಳಿ ಬರೆದೇ ಇಲ್ಲ.

ಬುಶ್: ರಾಡು, ಲೇತ್ ಕೂಲಿ, ಪ್ಯಾಕಿಂಗ್, ಕೊರಿಯರ್ ಸೇರಿ 400. ಉಳಿಯುವುದು 500. ಇವರ ಸ್ವಂತ ಸಮಯ ಒಂದು ಜೊತೆಗೆ 40 ನಿಮಿಷ. ಗಂಟೆಗೆ 750.

ಈಗ ಸಾಲ. 18 ಲಕ್ಷ, ಐದು ವರ್ಷ, ಬಡ್ಡಿ ಶೇ 11 ಎಂದುಕೊಂಡರೆ ತಿಂಗಳ ಕಂತು 39,000 ದಾಟುತ್ತದೆ. ಬರಿಯ ಕಂತಿಗೇ ತಿಂಗಳಿಗೆ ಎಂಟು ಹೆಡರ್ ಮಾಡಬೇಕು. ಮೂರು ವರ್ಷದಲ್ಲಿ ಮಾಡಿದ್ದು ಹನ್ನೊಂದು. ಬುಶ್ ಆದರೆ ತಿಂಗಳಿಗೆ 79 ಜೊತೆ. ಅಷ್ಟು ಎಸ್ಟೀಮ್‌ಗಳು ಪ್ರತಿ ತಿಂಗಳು ಎಲ್ಲಿಂದ ಬರುತ್ತವೆ? ಹಾಗಾಗಿ ಟರ್ನರ್ ಸರ್ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಬುಶ್ ಒಳ್ಳೆಯ ವಸ್ತು, ಆದರೆ ಒಂದೇ ಬುಶ್‌ನಿಂದ ಅಂಗಡಿ ನಿಲ್ಲುವುದಿಲ್ಲ.

ಜಿಎಸ್‌ಟಿ ಬಗ್ಗೆ: ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ಆದರೆ ಹೊರರಾಜ್ಯಕ್ಕೆ ಮಾರಿದರೆ ಮೊತ್ತ ಎಷ್ಟೇ ಇರಲಿ ಕಡ್ಡಾಯ. ಕೊಯಮತ್ತೂರಿನವರಿಗೆ ಒಂದು ಜೊತೆ ಕಳಿಸುವ ಮುನ್ನ ಇದನ್ನು ನೆನಪಿಡಿ. ವಾಹನದ ಬಿಡಿಭಾಗಗಳ ಮೇಲೆ 28 ಇದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18 ಆಗಿದೆ.

ಸಾಲ ಬೇಕೇ ಬೇಕೆಂದರೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಪಿಎಂಇಜಿಪಿ (ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ವಿಚಾರಿಸಿ. ತಯಾರಿಕೆಗೆ 50 ಲಕ್ಷದವರೆಗಿನ ಯೋಜನೆ, ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ 15, ಗ್ರಾಮೀಣ ಪ್ರದೇಶದಲ್ಲಿ ಶೇ 25 ಸಹಾಯಧನ. ಅದು ಹೊಸ ಘಟಕಕ್ಕೆ ಮಾತ್ರ. ಸಹಾಯಧನ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಕೂರುತ್ತದೆ. ಅದನ್ನು ನಂಬಿ ಯಂತ್ರದ ಮುಂಗಡ ಕೊಟ್ಟವರನ್ನು ನೋಡಿದ್ದೇನೆ.

ವಕಾಲತ್ತು, ಮೈಸೂರು

ಯಾರೂ ಎತ್ತದ ವಿಷಯ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗಿಂತ ವಾಹನ ಬೇರೆಯಾಗುವಂತೆ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಹೊಸ ರೂಪದಲ್ಲಿ ಬಂತು. ಅಕ್ರಮವಾಗಿ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ. ಸುರಕ್ಷತೆಗೆ ನಿರ್ಣಾಯಕ ಎಂದು ಸರ್ಕಾರ ಅಧಿಸೂಚಿಸಿದ ಭಾಗವನ್ನು ಮಾನದಂಡಕ್ಕೆ ಹೊಂದದಂತೆ ಮಾರಿದವನಿಗೆ ಒಂದು ವರ್ಷದವರೆಗೆ ಸೆರೆ ಅಥವಾ ಪ್ರತಿ ಭಾಗಕ್ಕೆ ಒಂದು ಲಕ್ಷ ದಂಡ. ಬ್ರೇಕ್, ಸ್ಟೀರಿಂಗ್ ಕಡೆ ಕೈ ಹಾಕುವ ಆಸೆ ಇದ್ದರೆ ಈ ಸಾಲನ್ನು ಎರಡು ಸಲ ಓದಿ. ‘ರೇಸ್ ಬಳಕೆಗೆ ಮಾತ್ರ’ ಎಂದು ಸ್ಟಿಕ್ಕರ್ ಅಂಟಿಸಿ, ಅದೇ ಕಾರು ಸಂಜೆ ದೇವರಾಜ ಅರಸು ರಸ್ತೆಯಲ್ಲಿ ಓಡಾಡಿದರೆ ಸ್ಟಿಕ್ಕರ್ ನಿಮ್ಮನ್ನು ಕಾಪಾಡುವುದಿಲ್ಲ.

ನಿಮ್ಮ ಗ್ರಾಹಕರ ಕಾರುಗಳೆಲ್ಲ ಹದಿನೈದು ವರ್ಷ ದಾಟಿದವು. ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಬೇಕು. ಅಲ್ಲಿ ಹೆಡರ್ ಕಾಣುತ್ತದೆ. ಸವೆದ ಬುಶ್ ಜಾಗಕ್ಕೆ ಅದೇ ಅಳತೆಯ ಬುಶ್ ಹಾಕಿದ್ದನ್ನು ಯಾರೂ ಮಾರ್ಪಾಡು ಎನ್ನುವುದಿಲ್ಲ.

ಇನ್ನು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಎಂಬ ಅಧ್ಯಾಯವೇ ಇದೆ. ತಯಾರಿಕೆಯ ದೋಷ, ವಿನ್ಯಾಸದ ದೋಷ, ಎಚ್ಚರಿಕೆ ಬರೆಯದಿರುವುದು, ಎಲ್ಲಕ್ಕೂ ತಯಾರಕ ಹೊಣೆ. ಯಾವ ತಿಂಗಳು, ಯಾವ ರಾಡಿನಿಂದ, ಯಾರಿಗೆ ಕಳಿಸಿದ್ದು ಎಂದು ಪುಸ್ತಕದಲ್ಲಿ ಬರೆದಿಡಿ. ಡಬ್ಬಿಯ ಮೇಲೆ ‘ಎಸ್ಟೀಮ್‌ಗೆ ಹೊಂದುತ್ತದೆ’ ಎಂದು ಬರೆಯಬಹುದು, ಕಾರು ಕಂಪನಿಯ ಲಾಂಛನ ಹಾಕಬೇಡಿ. ನಿಮ್ಮ ನೇಮಕಾತಿ ಪತ್ರವನ್ನೂ ತೆಗೆದು ನೋಡಿ, ಬೇರೆ ವ್ಯವಹಾರ ಮಾಡಬಾರದೆಂಬ ಷರತ್ತು ಅದರಲ್ಲಿರಬಹುದು.

ರಾತ್ರಿ_ಸವಾರ, ಮೈಸೂರು

ಹಾಗಾದರೆ ಈ ದೇಶದಲ್ಲಿ ಕಾರು ಸ್ಪರ್ಧೆ ಮಾಡುವವರೆಲ್ಲ ಜೈಲಿನಲ್ಲಿರಬೇಕಿತ್ತಲ್ಲ? ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ಓಡುವುದು ಶೋರೂಮ್ ಕಾರುಗಳೇ?

ಮೇಷ್ಟ್ರು_ಮೆಕ್ಯಾನಿಕಲ್, ಮೈಸೂರು

ಅಲ್ಲಿ ಮೋಟಾರು ಸ್ಪರ್ಧೆಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ನಿಯಮದಡಿ, ಮುಚ್ಚಿದ ಟ್ರ್ಯಾಕಿನಲ್ಲಿ, ಆಯಾ ವರ್ಗಕ್ಕೆ ಏನು ಬದಲಿಸಬಹುದೆಂದು ಬರೆದಿಟ್ಟು ಓಡಿಸುತ್ತಾರೆ. ಚಾಮುಂಡಿ ಬೆಟ್ಟದ ರಸ್ತೆಗೆ ಅಂಥ ವರ್ಗವಿಲ್ಲ.

ಕಬ್ಬಿನ_ಗಾಣ, ಮಂಡ್ಯ

ಸ್ಪರ್ಧೆಯವರಿಗೆ ಒಂದಷ್ಟು ಮಾಡಿಕೊಟ್ಟಿದ್ದೇನೆ. ಶುಕ್ರವಾರ ರಾತ್ರಿ ಬೇಕು ಎನ್ನುತ್ತಾರೆ, ಹಣ ಮುಂದಿನ ಸೀಸನ್‌ಗೆ ಕೊಡುತ್ತಾರೆ. ಆದರೆ ಮುರಿದದ್ದನ್ನು ತಂದು ಎಲ್ಲಿ, ಏಕೆ ಮುರಿಯಿತು ಎಂದು ಅವರಂತೆ ಹೇಳುವವರು ಇನ್ನೊಬ್ಬರಿಲ್ಲ. ಅವರನ್ನು ಗುರುಗಳೆಂದು ಇಟ್ಟುಕೊಳ್ಳಿ, ಗ್ರಾಹಕರೆಂದು ನೆಚ್ಚಬೇಡಿ.

ಹಳೇ_ಎಸ್ಟೀಮ್, ಮೈಸೂರು (ಮೂರು ತಿಂಗಳ ನಂತರ)

ರಾಜೀನಾಮೆ ಕೊಟ್ಟಿಲ್ಲ, ಸಾಲ ತೆಗೆದಿಲ್ಲ. ನೇಮಕಾತಿ ಪತ್ರದಲ್ಲಿ ಷರತ್ತು ಇತ್ತು. ವ್ಯವಹಾರವನ್ನು ಅಕ್ಕನ ಹೆಸರಿನಲ್ಲಿ ಮಾಡಿ, ಕಚೇರಿಗೆ ಬರೆದು ತಿಳಿಸಿ ಒಪ್ಪಿಗೆ ಪಡೆದೆ.

ಕಬ್ಬಿನ ಗಾಣದವರು ಹೇಳಿದಂತೆ ನನ್ನದೇ ಒಂದು ಹೆಡರ್ ಸೀಳಿದೆ. ಒಳಗೆ ಸಕ್ಕರೆಯಲ್ಲ, ಬೆಲ್ಲದ ಪಾಕ ಹೊತ್ತಿ ತಳ ಹಿಡಿದಂತಿತ್ತು. ಅವತ್ತಿನಿಂದ ಹೆಡರ್ ಆರ್ಡರ್ ತೆಗೆದುಕೊಂಡಿಲ್ಲ.

ಟರ್ನರ್ ಸರ್ ಶೆಡ್ಡಿನಲ್ಲಿ ಆರು ಭಾನುವಾರ ಕಳೆದೆ. ಮೊದಲನೆಯ ಭಾನುವಾರ ಅವರು ಬುಶ್ ಮಾಡಲು ಬಿಡಲೇ ಇಲ್ಲ, ಗೇಜ್ ಮಾಡಿಸಿದರು. ಒಂದು ತುದಿ ಒಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು, ಅಷ್ಟೇ. ಮೇಷ್ಟ್ರ ಲೆಕ್ಕದಂತೆ ಕ್ಲಿಯರೆನ್ಸ್ ಹೆಚ್ಚಿಸಿದೆವು. 40 ಜೊತೆ ಮಾಡಿದೆವು, ಏಳು ಜೊತೆ ಗೇಜ್ ಒಪ್ಪದೆ ಡಬ್ಬಿಗೆ ಹೋದವು. ಮೊದಲಾಗಿದ್ದರೆ ಆ ಏಳನ್ನೂ ಮಾರಿಬಿಡುತ್ತಿದ್ದೆ.

ಈಗ ಒಂದು ತಪ್ಪೊಪ್ಪಿಗೆ. ಬುಶ್ ಒಂದೂ ವಾಪಸ್ ಬಂದಿಲ್ಲ ಎಂದಿದ್ದೆನಲ್ಲ, ಒಂದು ಬಂತು. ಹುಣಸೂರಿನ ಕಾರು. ಬುಶ್ ಕರಗಿ ರಾಡಿಗೆ ಮೆತ್ತಿಕೊಂಡಿತ್ತು. ಆರನೆಯ ಹೆಡರ್ ಕೂರಿಸಿದ್ದು ಅದೇ ಕಾರಿಗೆ. ನೆಲದಡಿಯಲ್ಲಿ ಸೈಲೆನ್ಸರ್ ಕೊಳವೆ ಮತ್ತು ಗೇರ್ ರಾಡ್ ಅಕ್ಕಪಕ್ಕ ಹೋಗುತ್ತವೆ. ಹೆಡರಿಗೆ ಹೊಂದುವಂತೆ ಕೊಳವೆಯ ದಿಕ್ಕು ಬದಲಿಸಿದಾಗ ಅಡ್ಡ ಬಂತೆಂದು ಶಾಖ ತಡೆಯುವ ತಗಡನ್ನು ಕತ್ತರಿಸಿದ್ದು ನಾನೇ. ನನ್ನ ಒಂದು ಸಾಮಾನು ನನ್ನ ಇನ್ನೊಂದು ಸಾಮಾನನ್ನು ಸುಟ್ಟಿದೆ. ಹಣ ವಾಪಸ್ ಕೊಟ್ಟು, ತಗಡು ಕೂರಿಸಿ, ಹೊಸ ಬುಶ್ ಹಾಕಿಕೊಟ್ಟೆ. ಉಳಿದ ಹತ್ತು ಹೆಡರ್ ಗ್ರಾಹಕರಿಗೂ ಕರೆ ಮಾಡಿ ತಗಡು ನೋಡಿಸಿಕೊಳ್ಳಲು ಹೇಳಿದೆ. ನಾಲ್ವರ ಕಾರಿನಲ್ಲೂ ತಗಡು ಹಾಗೆಯೇ ಕತ್ತರಿಸಿತ್ತು.

ಬೇರೆ ಹಳೆಯ ಕಾರುಗಳಿಗೂ ಬುಶ್ ಕೇಳುತ್ತಿದ್ದಾರೆ. ‘ಸವೆದದ್ದನ್ನು ಕಳಿಸಿ’ ಎಂದಿದ್ದೆ. ಅಮ್ಮ ಕೋಡುಬಳೆಗೆ ಇಟ್ಟಿದ್ದ ಡಬ್ಬಿಯ ತುಂಬ ಈಗ ಸವೆದ ಬುಶ್‌ಗಳಿವೆ.

ಕೊನೆಯ ಪ್ರಶ್ನೆ. ಬೆಂಗಳೂರಿನ ಬಿಡಿಭಾಗದ ಅಂಗಡಿಯೊಂದು 100 ಜೊತೆ ಕೇಳಿದೆ. ತೆರಿಗೆ ಬಿಟ್ಟು ಒಂದು ಜೊತೆಗೆ 520, ಹಣ 60 ದಿನಕ್ಕೆ. ಒಪ್ಪಲೇ?

ಜಮಾ_ಖರ್ಚು, ಮೈಸೂರು

ಮೊದಲು ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಮಾಡಿಸಿ, ಆಮೇಲೆ ಸರಕು ಕಳಿಸಿ. ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಘಟಕಕ್ಕೆ 45 ದಿನ ಮೀರಿ ಹಣ ತಡೆಯುವಂತಿಲ್ಲ, ಒಪ್ಪಂದದಲ್ಲಿ 60 ಎಂದು ಬರೆದುಕೊಂಡರೂ ಅಷ್ಟೇ. ನೋಂದಣಿ ಸಂಖ್ಯೆ ಬಿಲ್ಲಿನ ಮೇಲೆ ಇರಲಿ.

ಬೆಲೆಯ ಬಗ್ಗೆ: ನೂರು ಜೊತೆ ಒಂದೇ ಪೆಟ್ಟಿಗೆಯಲ್ಲಿ ಹೋಗುತ್ತದೆ, ಬಿಡಿ ಕೊರಿಯರ್ ಖರ್ಚಿಲ್ಲ. ಆದರೆ 40ಕ್ಕೆ ಏಳು ತಿರಸ್ಕೃತವಾದರೆ ನಿಮ್ಮ 400ರ ಲೆಕ್ಕ ಸುಳ್ಳು. ಅದನ್ನು ಸೇರಿಸಿ ಮತ್ತೆ ಬರೆದು ಕಳಿಸಿ. 600ರ ಕೆಳಗೆ ಬೇಡ ಎಂದು ನನಗೆ ಅನ್ನಿಸುತ್ತದೆ.

ಹೆಬ್ಬಾಳ_ಟರ್ನರ್, ಮೈಸೂರು

ನೂರು ಜೊತೆಯಾದರೆ ನನ್ನ ಕೂಲಿ 200 ಅಲ್ಲ, 170. ಅರ್ಧ ಮುಂಗಡ ಕೊಡಬೇಕು. ನಿನಗೆ ಅವರು 60 ದಿನ ಎಂದರೆ ನನಗೆ ನೀನು 60 ದಿನ ಎನ್ನಬಾರದು.

ಭಾನುವಾರ ಬರುವಾಗ ಆ ಹುಣಸೂರಿನ ಕರಗಿದ ಬುಶ್ ತೆಗೆದುಕೊಂಡು ಬಾ. ಅಂಗಡಿಯವನಿಗೆ ಕಳಿಸುವ ಪೆಟ್ಟಿಗೆಯಲ್ಲಿ ತಗಡಿನ ಬಗ್ಗೆ ಒಂದು ಚೀಟಿ ಇಡಬೇಕು, ಅದರ ಮೇಲೆ ಹಾಕಲು ಚಿತ್ರ ಬೇಕು.

ಹಳೇ_ಎಸ್ಟೀಮ್, ಮೈಸೂರು

ತರುತ್ತೇನೆ ಸರ್. ಅಮ್ಮ ಕೋಡುಬಳೆಯನ್ನೂ ಕಳಿಸುತ್ತಾರಂತೆ, ಡಬ್ಬಿ ವಾಪಸ್ ಕೊಡುವ ಷರತ್ತಿನ ಮೇಲೆ.